ಕುರ್ಚಿಯ ಬೆನ್ನಿನ ಹೊಲಿಗೆ

ಆ ಮನೆಯ ಮುಂದಿನ ಕೋಣೆಯ ಮೂಲೆಯಲ್ಲಿ ಮೂರು ತಿಂಗಳ ಕಾಲ ಒಂದು ಪೇಪರಿನ ಕುರ್ಚಿ ಇತ್ತು. ಕುರ್ಚಿಯೆಂದರೆ ಕುರ್ಚಿಯಲ್ಲ, ಕುರ್ಚಿಯ ಜಾಗ. ಹಳೆಯ ದಿನಪತ್ರಿಕೆಯ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಎರಡೂವರೆ ಅಡಿ ಚೌಕಕ್ಕೆ ಕತ್ತರಿಸಿ, ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೂ ಟೇಪು ಹಚ್ಚಿಟ್ಟಿದ್ದಳು ಆ ಮನೆಯೊಡತಿ. ಬಾಗಿಲು ತೆರೆದರೆ ತಗಲುತ್ತದೆಯೇ, ಕಿಟಕಿಯ ಬೆಳಕು ಅಲ್ಲಿಗೆ ಬೀಳುತ್ತದೆಯೇ, ಅಡುಗೆಮನೆಗೆ ಹೋಗಿಬರುವವರ ಕಾಲಿಗೆ ಅಡ್ಡವಾಗುತ್ತದೆಯೇ ಎಂದು ನೋಡುವುದಕ್ಕೆ.

ಗಂಡ ಲಿಫ್ಟ್ ರಿಪೇರಿಯವನು. ಸಂಜೆ ಮನೆಗೆ ಬಂದವನು ಪೇಪರನ್ನು ತುಳಿಯದೆ ಸುತ್ತು ಬಳಸಿ ಹೋಗುತ್ತಾ, "ದಾರಿ ಬಿಡ್ರಪ್ಪಾ, ಮಹಾರಾಣಿ ಸಿಂಹಾಸನ ಬರ್ತಾ ಇದೆ," ಎನ್ನುತ್ತಿದ್ದ. ಕಾಲೇಜಿಗೆ ಹೋಗುವ ಮಗಳು ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಅಮ್ಮಾ, ಈ ಕುರ್ಚಿಗೆ ಸ್ಪಂಜು ಕಮ್ಮಿ ಹಾಕಿದಾರೆ ಕಣೇ," ಎಂದು ರೇಗಿಸುತ್ತಿದ್ದಳು.

ಅವಳೂ ಅವರ ಜೊತೆ ನಗುತ್ತಿದ್ದಳು. ಆದರೆ ಆಸೆ ಮಾತ್ರ ತಮಾಷೆಯದಾಗಿರಲಿಲ್ಲ. ಆ ಕೋಣೆಯಲ್ಲಿ ಇದ್ದದ್ದು ಒಂದು ಮಂಚ, ಅದು ಗಂಡನದು. ಎರಡು ಪ್ಲಾಸ್ಟಿಕ್ ಕುರ್ಚಿ; ಒಂದರ ಮೇಲೆ ಇಸ್ತ್ರಿಯಾಗಬೇಕಾದ ಬಟ್ಟೆ, ಇನ್ನೊಂದರ ಮೇಲೆ ಮಗಳ ಪುಸ್ತಕ. ಅವಳು ಕಾಫಿ ಕುಡಿಯುತ್ತಿದ್ದದ್ದು ಅಡುಗೆಕಟ್ಟೆಗೆ ಒರಗಿ ನಿಂತು, ಊಟ ಮಾಡುತ್ತಿದ್ದದ್ದು ಮಂಚದ ತುದಿಯಲ್ಲಿ, ಎದ್ದು ಹೋಗಲು ಒಂದು ಕಾಲು ಸಿದ್ಧವಾಗಿಟ್ಟುಕೊಂಡು. ಕೂರಬೇಡ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೂರು ಎಂದೂ ಹೇಳಿರಲಿಲ್ಲ. ನಲವತ್ತೇಳನೆಯ ವಯಸ್ಸಿಗೆ ಅವಳಿಗೆ ಒಂದು ಕುರ್ಚಿ ಬೇಕೆನ್ನಿಸಿತು. ಬಾಗಿಲು ತೆರೆದ ಕೂಡಲೇ ಕಣ್ಣಿಗೆ ಬೀಳುವಂಥದ್ದು, ಯಾರೂ ಬಟ್ಟೆ ಹಾಕಲು ಮನಸ್ಸು ಬಾರದಂಥದ್ದು, ಈ ಮನೆಯಲ್ಲಿ ಒಳ್ಳೆಯದನ್ನು ಬಲ್ಲ ಒಬ್ಬಳಿದ್ದಾಳೆ ಎಂದು ಹೇಳುವಂಥದ್ದು.

ಭಾನುವಾರಗಳಲ್ಲಿ ಅಂಗಡಿ ಅಂಗಡಿ ತಿರುಗಿದಳು. ಕೋಣೆಗೆ ಕಳೆ ಕೊಡಲು ಇಡುವ ಅಂಥ ಒಂಟಿ ಕುರ್ಚಿಯನ್ನು ಅಂಗಡಿಯವರು ಆಕ್ಸೆಂಟ್ ಚೇರ್ ಎನ್ನುತ್ತಿದ್ದರು. ಅವಳು ಮೊದಲು ಕೂರುತ್ತಿರಲಿಲ್ಲ. ಕುರ್ಚಿಯ ಬೆನ್ನಿನ ಮೇಲ್ಮೂಲೆಯ ಕಿವಿ ಹಿಡಿದು ಅಲ್ಲಾಡಿಸುತ್ತಿದ್ದಳು, ಬೆನ್ನಿಗೆ ಗೆಣ್ಣಿನಿಂದ ಕುಟ್ಟಿ ಸದ್ದು ಕೇಳುತ್ತಿದ್ದಳು, ಕೊನೆಗೆ ಕುರ್ಚಿಯನ್ನೇ ತಲೆಕೆಳಗು ಮಾಡಿ ಹೊಟ್ಟೆ ನೋಡುತ್ತಿದ್ದಳು. "ಮೇಡಂ, ಇದು ಮನೇಲಿ ಇಟ್ಟು ನೋಡೋಕೆ, ಆಪರೇಷನ್ ಮಾಡೋಕಲ್ಲ," ಎಂದ ಒಬ್ಬ ಅಂಗಡಿಯವ. ಕೈಗೆಟುಕುವ ಬೆಲೆಯವೆಲ್ಲ ಒಳಗೆ ಮರದ ಹೊಟ್ಟಿನ ಹಲಗೆ, ಎರಡು ಬೆರಳು ಸ್ಪಂಜು, ಅಂಟಿನ ಮೇಲೆ ನಿಂತ ಕಾಲು. ಗಟ್ಟಿಯಾಗಿದ್ದವುಗಳ ಬೆಲೆಚೀಟಿಯನ್ನು ತಿರುಗಿಸಿ ನೋಡಿ ಮೆಲ್ಲಗೆ ಬಿಟ್ಟುಬಿಡುತ್ತಿದ್ದಳು. ಕೈ ಬಡವರದಾದರೂ ಅವಳ ಕಣ್ಣು ಮಾತ್ರ ಶ್ರೀಮಂತರದು. ಅದೇ ತೊಂದರೆ.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ," ಎಂದ ಗಂಡ, "ನಿನ್ನದು ಕಾಲು ಚಾಚೋಕೆ ಮುಂಚೆ ಹಾಸಿಗೆ ಹೊಲಿಗೆ ನೋಡೋ ಜಾತಿ."

ಅವನು ಹೇಳಿದ್ದು ನಿಜ. ಹೊಲಿಗೆ ನೋಡುವುದೇ ಅವಳ ಕೆಲಸ. ದೊಡ್ಡ ಅಂಗಡಿಗಳಿಗೆ ಕುರ್ಚಿ, ಸೋಫಾ ಮಾಡಿಕೊಡುವ ಕಾರ್ಖಾನೆಯೊಂದರಲ್ಲಿ ಅವಳು ತಪಾಸಣೆಯವಳು. ಇಪ್ಪತ್ತು ಹೊಲಿಗೆ ಮಿಷನ್‌ಗಳ ಸಾಲು ಮುಗಿದ ಕಡೆ, ಎರಡು ಟ್ಯೂಬ್‌ಲೈಟುಗಳ ಕೆಳಗೆ ನಿಂತು, ಬಂದ ಪ್ರತಿಯೊಂದು ಕುರ್ಚಿಯ ಮೈಮೇಲೆ ಬೆರಳಾಡಿಸಿ, ತಪ್ಪಿದ ಕಡೆ ಸೀಮೆಸುಣ್ಣದಿಂದ ಕತ್ತರಿ ಗುರುತು ಹಾಕಬೇಕು. ಅದಕ್ಕೇ ಅಲ್ಲಿ ಅವಳ ಹೆಸರು ಸುಣ್ಣದಕ್ಕ. "ಬೇರೆಯವರು ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಇಟ್ಟರೆ ನಮ್ಮಕ್ಕ ಎರಡಕ್ಕೂ ಸುಣ್ಣಾನೇ ಇಡೋದು," ಎಂದು ಹುಡುಗಿಯರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಒಳಗೊಳಗೇ ಅವಳಿಗೆ ಹೆಮ್ಮೆಯಾಗಿತ್ತು.

ಆ ಸುಣ್ಣ ಎಂದೂ ಬೀಳದಿದ್ದದ್ದು ಒಬ್ಬರ ಕೆಲಸದ ಮೇಲೆ ಮಾತ್ರ. ಅವರು ದೊಡ್ಡಕ್ಕ. ಅರವತ್ತರ ಹತ್ತಿರದ, ಸಣಕಲು ಮೈಯ, ಬಾಯಿ ಜೋರಿನ ಹೆಂಗಸು. ಕುರ್ಚಿಯ ಮಿಕ್ಕ ಭಾಗಗಳನ್ನು ಮಿಷನ್ ಹೊಲಿಯುತ್ತದೆ. ಹೊದಿಕೆಯನ್ನು ಚೌಕಟ್ಟಿಗೆ ಎಳೆದು ಕೂರಿಸಿದ ಮೇಲೆ ಬೆನ್ನಿನ ಅಂಚನ್ನು ಮಾತ್ರ ಕೈಯಲ್ಲೇ, ಬಿಲ್ಲಿನಂತೆ ಬಾಗಿದ ಸೂಜಿಯಿಂದ ಮುಚ್ಚಬೇಕು. ಆ ಕೆಲಸದಲ್ಲಿ ದೊಡ್ಡಕ್ಕನ ಕೈಗೆ ಸಾಟಿಯಿರಲಿಲ್ಲ. ದಾರ ಎಲ್ಲಿ ಹೊಕ್ಕು ಎಲ್ಲಿ ಹೊರಟಿತೆಂದು ದೇವರಿಗೂ ತಿಳಿಯಬಾರದು, ಹಾಗೆ ಹೊಲಿಯುತ್ತಿದ್ದರು.

ಹದಿನಾರು ವರ್ಷದ ಹಿಂದೆ ಅವಳಿಗೆ ಸೂಜಿ ಹಿಡಿಯಲು ಕಲಿಸಿದವರೂ ಅವರೇ. ಅವಳು ಎಡಚಿ. ಬೇರೆ ಯಾರೂ ಕಲಿಸಲು ಒಪ್ಪಿರಲಿಲ್ಲ. ದೊಡ್ಡಕ್ಕ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳದೆ ಎದುರಿಗೆ ಕೂರಿಸಿಕೊಂಡು, "ಕನ್ನಡಿ ನೋಡ್ತಾ ಇದೀನಿ ಅಂದ್ಕೋ. ನನ್ನ ಬಲಗೈ ನಿನ್ನ ಎಡಗೈ. ಆಯ್ತಾ ಎಡಚಿ?" ಎಂದಿದ್ದರು. ಈಗಲೂ ಅವರಿಗೆ ಅವಳು ಸುಣ್ಣದಕ್ಕನಲ್ಲ, ಎಡಚಿಯೇ.

ಕಾರ್ಖಾನೆಯಲ್ಲಿ ಒಂದು ಪದ್ಧತಿ ಇತ್ತು. ಸುಣ್ಣದ ಗುರುತು ಬಿದ್ದ ಕುರ್ಚಿಗಳಲ್ಲಿ ಬಿಚ್ಚಿ ಹೊಲಿಯಬಹುದಾದವು ಬೇರೊಬ್ಬರ ಕೈಗೆ ಹೋಗುತ್ತಿದ್ದವು. ಸರಿಪಡಿಸಲಾಗದವನ್ನು ಹಿಂದಿನ ಗೋಡೆಗೆ ಸಾಲಾಗಿ ಇಟ್ಟು, ತಿಂಗಳಿಗೊಮ್ಮೆ ಕೆಲಸದವರಿಗೇ ಕಾಲುಭಾಗದ ಬೆಲೆಗೆ ಕೊಡುತ್ತಿದ್ದರು. ಸರದಿ ಪ್ರಕಾರ ಒಬ್ಬೊಬ್ಬರಿಗೆ ಒಂದು. ತಪಾಸಣೆಯವರಿಗೆ ಮಾತ್ರ ಸರದಿ ಇಲ್ಲ. ಬೇಲಿಯೇ ಎದ್ದು ಹೊಲ ಮೇಯಬಾರದಲ್ಲ. ಇನ್ನೊಂದು ಕಟ್ಟುಪಾಡೂ ಇತ್ತು: ಗುರುತು ಬಿದ್ದ ಕುರ್ಚಿಯನ್ನು ಹೊಲಿದವರು ಮತ್ತೆ ಮುಟ್ಟುವಂತಿಲ್ಲ. ಹಿಂದೆ ಯಾವಳೋ ಒಬ್ಬಳು ಎಂಜಲು ಹಚ್ಚಿ ಸುಣ್ಣ ಅಳಿಸಿದ್ದಳಂತೆ.

ಅವಳ ಅಂಗಡಿ ತಿರುಗಾಟದ ಕತೆ ಕೇಳಿ ದೊಡ್ಡಕ್ಕನೇ ಹೇಳಿದ್ದರು, "ಈ ತಿಂಗಳು ನನ್ನ ಸರದಿ ಕಣೇ. ನನಗೆ ಯಾಕೆ ಕುರ್ಚಿ? ಮನೇಲಿ ಇರೋ ಮೂರು ಜನಕ್ಕೆ ನಾಲ್ಕಿದೆ, ಕೂರೋಕೆ ಪುರುಸೊತ್ತಿಲ್ಲ. ಯಾವುದಾದ್ರೂ ಚೆನ್ನಾಗಿರೋದು ಬಂದ್ರೆ ನೀನು ತಗೊಂಡು ಹೋಗು."

ಆದರೆ ಆ ತಿಂಗಳು ಗೋಡೆಗೆ ನಿಂತವು ಎರಡೇ: ಬಸಳೆ ಹಣ್ಣಿನ ರಸ ಚೆಲ್ಲಿದಂಥ ಬಣ್ಣದ ಒಂದು, ಕಾಲು ಸೊಟ್ಟಗಿದ್ದ ಇನ್ನೊಂದು.

ಆಮೇಲೆ ಬಂತು ಆ ಕುರ್ಚಿ.

ನವಿಲಿನ ಕತ್ತಿನ ಬಣ್ಣದ ಮಖಮಲ್ಲು. ಕಡೆಗಣ್ಣಲ್ಲಿ ನೋಡಿದರೆ ನೀಲಿ, ಎದುರಿನಿಂದ ನೋಡಿದರೆ ಹಸಿರು. ಎತ್ತರದ ಬೆನ್ನು, ಎರಡು ಪಕ್ಕದಿಂದ ಬಂದು ತಬ್ಬಿಕೊಳ್ಳುವಂಥ ತೋಳು, ಕಡೆದ ಮರದ ಕಾಲು. ಅವಳು ಬೆರಳಾಡಿಸಿದಳು, ಕಿವಿ ಹಿಡಿದು ಅಲ್ಲಾಡಿಸಿದಳು, ಹೊಟ್ಟೆ ನೋಡಿದಳು. ಒಂದು ಕೂದಲೆಳೆಯ ತಪ್ಪೂ ಇಲ್ಲ. ಒಳಗಿನ ಚೀಟಿಯಲ್ಲಿ ಹೊಲಿದವರ ನಂಬರ್ ಇರುತ್ತದೆ. ಅವಳು ಅದನ್ನು ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ. ಅಂಥ ಬೆನ್ನು ಮುಚ್ಚುವ ಕೈ ಅಲ್ಲಿ ಒಂದೇ.

ಟೀ ಗಂಟೆ ಹೊಡೆಯಿತು. ಮಿಷನ್‌ಗಳು ಒಂದೊಂದಾಗಿ ನಿಂತವು, ಎಲ್ಲರೂ ಹೊರಗಿನ ಜಗಲಿಗೆ ಹೋದರು. ಅವಳು ಹೋಗಲಿಲ್ಲ.

ಆ ಹತ್ತು ನಿಮಿಷವನ್ನು ಅವಳು ಆಮೇಲೆ ಎಷ್ಟೋ ಸಲ ನೆನೆಸಿಕೊಂಡಳು. ಏನೋ ಮಂಕು ಕವಿಯಿತು ಎಂದು ಹೇಳಿಕೊಳ್ಳಲು ನೋಡಿದಳು. ಮಂಕು ಕವಿದಿರಲಿಲ್ಲ. ತಲೆ ಎಂದಿಗಿಂತ ಚುರುಕಾಗಿತ್ತು. ಬೇರೆ ಬಟ್ಟೆಯಾದರೆ ಬಿಚ್ಚಿ ಹೊಲಿಯಬಹುದು, ಮಖಮಲ್ಲಿಗೆ ಒಮ್ಮೆ ಸೂಜಿ ಹೋದರೆ ಆ ತೂತು ಸಾಯುವವರೆಗೂ ಕಾಣುತ್ತದೆ, ಹಾಗಾಗಿ ಇದು ಗೋಡೆಗೇ ಹೋಗುತ್ತದೆ. ಹೊಸ ಹುಡುಗಿಯರ ಕೆಲಸದ ಮೇಲೆ ಗುರುತು ಬಿದ್ದರೆ ಅವರ ಕೆಲಸಕ್ಕೇ ಕುತ್ತು. ದೊಡ್ಡಕ್ಕನಿಗೆ ಏನು? ಇಷ್ಟು ವರ್ಷದಲ್ಲಿ ಒಂದು ಗುರುತು. ಆನೆಯ ಮೇಲೆ ಸೊಳ್ಳೆ ಕೂತ ಹಾಗೆ. ನಕ್ಕು ಸುಮ್ಮನಾಗುತ್ತಾರೆ. ಹೀಗೆ ಅಳೆದೂ ಸುರಿದೂ ಅವಳು ಕೊಕ್ಕೆಯಿಂದ ಕುರ್ಚಿಯ ಬೆನ್ನಿನ ಕೆಳ ಅಂಚಿನಲ್ಲಿ ನಾಲ್ಕು ಬೆರಳಗಲ ಹೊಲಿಗೆ ಬಿಚ್ಚಿದಳು. ಬಾಗಿದ ಸೂಜಿಗೆ ದಾರ ಪೋಣಿಸಿ, ಬಟ್ಟೆಯನ್ನು ಒಂದಿಷ್ಟು ಸೊಟ್ಟಕ್ಕೆ ಎಳೆದು, ಮತ್ತೆ ಹೊಲಿದಳು. ಅಂಚು ಅಳುವ ಮಗುವಿನ ಬಾಯಿಯಂತೆ ಸುಕ್ಕಾಯಿತು. ಅದರ ಮೇಲೆ ಸುಣ್ಣದ ಗುರುತು ಹಾಕಿದಳು.

ದೊಡ್ಡಕ್ಕ ನಗಲಿಲ್ಲ.

ಟೀ ಮುಗಿಸಿ ಬಂದವರು ಗುರುತು ಕಂಡು ಕುರ್ಚಿಯಿಂದ ಒಂದು ಮಾರು ದೂರ ನಿಂತರು. ಕನ್ನಡಕ ಹಾಕಿಕೊಂಡರು, ತೆಗೆದರು, ಬಟ್ಟೆಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡರು. ಕೈ ಮುಂದೆ ಬಂತು. ಮುಟ್ಟಬಾರದೆಂಬುದು ನೆನಪಾಗಿ ಹಿಂದಕ್ಕೆ ಹೋಯಿತು.

"ಇದು ನನ್ನದಾ?" ಎಂದರು.

"ಹೂಂ, ದೊಡ್ಡಕ್ಕ."

"ಹೊಲಿದಾಗ ಸರಿಯಾಗಿತ್ತಲ್ಲೇ."

ಅವಳು ಚೀಟಿಯ ಮೇಲೆ ಏನೋ ಬರೆಯುವವಳಂತೆ ತಲೆ ತಗ್ಗಿಸಿದಳು. ಮ್ಯಾನೇಜರ್ ಬಂದು ನೋಡಿದ. ಅವನು ಬೈಯಲಿಲ್ಲ. "ಹೋಗ್ಲಿ ಬಿಡಿ ದೊಡ್ಡಕ್ಕ, ವಯಸ್ಸು ಯಾರನ್ನ ಬಿಟ್ಟಿದೆ," ಎಂದ ಮೆದುವಾಗಿ. ಅವನು ಬೈದಿದ್ದರೆ ದೊಡ್ಡಕ್ಕ ನಾಲ್ಕು ಮಾತು ತಿರುಗಿಸಿ ಹೇಳಿ ಹಗುರಾಗುತ್ತಿದ್ದರು. ಆ ಮೆದು ಮಾತಿಗೆ ತಲೆ ತಗ್ಗಿಸಿ ತಮ್ಮ ಜಾಗಕ್ಕೆ ಹೋಗಿ ಕೂತರು.

ಆ ವಾರದ ಕೊನೆಗೆ ಕುರ್ಚಿ ಮನೆಗೆ ಬಂತು. ಸರದಿಯ ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ರುಜು ಹಾಕುತ್ತಾ ದೊಡ್ಡಕ್ಕ ಅವಳಿಗೆ ಹೇಳಿದ್ದರು, "ನನ್ನಿಂದ ಕೆಟ್ಟದ್ದು, ನಿನಗಾದ್ರೂ ಉಪಯೋಗ ಆಯ್ತಲ್ಲ. ಬೆನ್ನು ಗೋಡೆ ಕಡೆ ಇಟ್ಕೊ, ಯಾರಿಗೂ ಕಾಣಲ್ಲ." ಅವಳು ಕೊಟ್ಟ ಹಣವನ್ನು ಎಣಿಸದೆ ಜೇಬಿಗೆ ಹಾಕಿಕೊಂಡಿದ್ದರು.

ಪೇಪರನ್ನು ಕಿತ್ತು ಆ ಜಾಗದಲ್ಲಿ ಕುರ್ಚಿ ಇಟ್ಟಾಗ ಕೋಣೆಯೇ ಬೇರೆಯಾಗಿ ಕಂಡಿತು. ಬಿಳಿಚಿದ ಗೋಡೆಗೂ ಒಂದು ಕಳೆ ಬಂತು. "ಅಯ್ಯೋ, ಇದರ ಮುಂದೆ ನಾವೆಲ್ಲ ಕೆಲಸದವರ ಹಾಗೆ ಕಾಣ್ತೀವಲ್ಲೇ," ಎಂದ ಗಂಡ. ಮಗಳು ಹತ್ತು ಫೋಟೋ ತೆಗೆದಳು. "ಅಮ್ಮಾ, ಕೂತ್ಕೋ. ನೀನು ಕೂತಿರೋದೊಂದು ಬೇಕು."

"ಕೈ ಒದ್ದೆ ಇದೆ, ಆಮೇಲೆ."

ಮರುದಿನ ಕೈ ಒಣಗಿತ್ತು, ಸೊಂಟ ನೋವಿತ್ತು. ಅದರ ಮರುದಿನ ಬಟ್ಟೆ ಕೊಳೆಯಾಗಿತ್ತು. ಗಂಡ ಕೂತು ನೋಡಿದ, ಮಗಳು ಕಾಲು ಮಡಿಸಿಕೊಂಡು ಕೂತು ಓದಿದಳು, ಪಕ್ಕದ ಮನೆಯಾಕೆ ಕೂತು ಎದ್ದು ನಿಟ್ಟುಸಿರಿಟ್ಟಳು. ಅವಳು ಮಾತ್ರ ಎಂದಿನಂತೆ ಮಂಚದ ತುದಿಯಲ್ಲೇ ಊಟ ಮಾಡಿದಳು. ಗುಡಿಸುವಾಗ ಕುರ್ಚಿಯನ್ನು ಸರಿಸಬೇಕಾಗುತ್ತಿತ್ತು. ಆಗ ಕಣ್ಣು ತಾನಾಗಿ ಹಿಂಬದಿಯ ಕೆಳಗಿನ ಅಂಚಿಗೆ ಹೋಗುತ್ತಿತ್ತು. ಬರಬರುತ್ತಾ ಅವಳು ಅಲ್ಲಿ ಗುಡಿಸುವುದನ್ನೇ ಬಿಟ್ಟಳು.

"ಈ ಮೂಲೇಲಿ ಕಸ ಇದೆಯಲ್ಲಮ್ಮಾ," ಎಂದಳು ಮಗಳು ಒಂದು ದಿನ, ಏನೂ ಮನಸ್ಸಿನಲ್ಲಿಟ್ಟುಕೊಳ್ಳದೆ.

"ನಾನೊಬ್ಬಳೇನಾ ಕಸ ಮಾಡೋದು ಈ ಮನೇಲಿ? ಎಲ್ಲದಕ್ಕೂ ನನ್ನ ಕಡೆ ಬೆರಳು ತೋರಿಸ್ಬೇಡ!" ಎಂದು ಅವಳು ಕಿರುಚಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಮಗಳು ಬೆರಗಾಗಿ ಪೊರಕೆ ಎತ್ತಿಕೊಂಡು ತಾನೇ ಗುಡಿಸಿದಳು.

ಕಾರ್ಖಾನೆಯಲ್ಲಿ ದೊಡ್ಡಕ್ಕ ದಿನದಿನಕ್ಕೂ ಸಣ್ಣಗಾಗುತ್ತಿದ್ದರು. ಮೊದಲು ಬಾಯಿ ನಿಂತಿತು. ಆಮೇಲೆ ಮಖಮಲ್ಲಿನ ಕೆಲಸ ಬೇಡವೆಂದರು. ಕುರ್ಚಿಯ ಹೊಟ್ಟೆಗೆ ಹಾಕುವ ಕಪ್ಪು ಗೋಣಿಬಟ್ಟೆ ಹೊಲಿಯುವ ಕೆಲಸವನ್ನು ಕೇಳಿ ಪಡೆದರು. ಅದು ಕೆಲಸಕ್ಕೆ ಸೇರಿದ ಮೊದಲ ವಾರದ ಹುಡುಗಿಯರಿಗೆ ಕೊಡುವಂಥದ್ದು. ಒಂದೊಂದು ಹೊಲಿಗೆ ಮುಗಿಸಿದ ಮೇಲೂ ಅದನ್ನು ಕಣ್ಣಿನ ಹತ್ತಿರ ತಂದು, ದೂರ ಹಿಡಿದು, ಪಕ್ಕದವಳಿಗೆ ತೋರಿಸಿ, "ನೇರ ಇದೆಯಾ ನೋಡಮ್ಮಾ?" ಎಂದು ಕೇಳುತ್ತಿದ್ದರು. ಪಕ್ಕದವಳಿಗೆ ಹತ್ತೊಂಬತ್ತು ವರ್ಷ. ಅವಳು ಮೊದಮೊದಲು ಸಂಕೋಚಪಟ್ಟು, ಆಮೇಲೆ ರೂಢಿಯಾಗಿ, "ನೇರ ಇದೆ ಬಿಡಜ್ಜಿ," ಎನ್ನತೊಡಗಿದಳು. ದೊಡ್ಡಕ್ಕ ಅಜ್ಜಿಯಾದದ್ದು ಹಾಗೆ.

ಕಣ್ಣಿನ ಡಾಕ್ಟರ ಹತ್ತಿರವೂ ಹೋಗಿ ಬಂದರು. ಊಟದ ಹೊತ್ತಿನಲ್ಲಿ ಅವಳೇ ಕೇಳಿದಳು. ಕೇಳದಿದ್ದರೆ ತಪ್ಪಾಗಿ ಕಾಣುತ್ತದೆಂದು ಕೇಳಿದಳು.

"ಏನಂದ್ರು ದೊಡ್ಡಕ್ಕ?"

"ವಯಸ್ಸಿಗೆ ತಕ್ಕ ಹಾಗಿದೆ, ಏನೂ ತೊಂದರೆ ಇಲ್ಲ ಅಂದ್ರು."

"ಮತ್ತಿನ್ನೇನು?"

"ಅವರಿಗೇನು ಗೊತ್ತೇ? ಅವರು ಗೋಡೆ ಮೇಲಿನ ಅಕ್ಷರ ಓದಿಸ್ತಾರೆ, ಹೊಲಿಗೆ ಹಾಕಿಸಿ ನೋಡ್ತಾರಾ?" ಊಟದ ಡಬ್ಬಿಯ ಮುಚ್ಚಳ ಮುಚ್ಚುತ್ತಾ, "ಕಣ್ಣು ಹೋದ್ರೆ ಕನ್ನಡಕ ಇದೆ ಎಡಚಿ. ಕೈ ಸುಳ್ಳು ಹೇಳಿದ್ರೆ ಏನು ಹಾಕ್ಕೊಳ್ಳೋದು? ನಾನು ಹೊಲಿದಾಗ ಅದು ಸರಿಯಾಗಿದೆ ಅಂತಾನೇ ನನ್ನ ಕೈ ಹೇಳಿತ್ತು," ಎಂದರು.

ಅವಳ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಈಗ ಹೇಳಿಬಿಡು, ಈಗ, ಎಂದು ಒಳಗಿನಿಂದ ಯಾರೋ ದಬ್ಬಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳು ಆ ಗಂಟೆಗೆ ಋಣಿಯಾದಳು. ಋಣಿಯಾದೆನಲ್ಲ ಎಂದು ಸಂಜೆ ಬಸ್ಸಿನಲ್ಲಿ ನಿಂತು ಹೇಸಿಕೊಂಡಳು.

ಮಾರನೆಯ ವಾರ ದೊಡ್ಡಕ್ಕ ಮ್ಯಾನೇಜರಿಗೆ ತಿಳಿಸಿದರು: ತಿಂಗಳ ಕೊನೆಗೆ ಕೆಲಸ ಬಿಡುವೆ. ತಮ್ಮ ಕತ್ತರಿಯನ್ನು ಪಕ್ಕದ ಹುಡುಗಿಗೆ ಕೊಟ್ಟುಬಿಟ್ಟರು. ಅದು ಹಿಡಿಗೆ ಕೆಂಪು ದಾರ ಸುತ್ತಿದ, ಯಾರಾದರೂ ಕಾಗದ ಕತ್ತರಿಸಲು ಕೇಳಿದರೆ ಹೊಡೆಯಲು ಹೋಗುತ್ತಿದ್ದ ಕತ್ತರಿ. ಹುಡುಗಿ ಅದರಲ್ಲಿ ಬಿಸ್ಕತ್ತಿನ ಪೊಟ್ಟಣ ಕತ್ತರಿಸಿದ್ದನ್ನು ಅವಳು ಕಣ್ಣಾರೆ ಕಂಡಳು. ದೊಡ್ಡಕ್ಕನೂ ಕಂಡರು. ಕಂಡು, ಗೋಣಿಬಟ್ಟೆಯ ಮುಂದಿನ ತುಂಡನ್ನು ಎತ್ತಿಕೊಂಡರು.

ಆ ಭಾನುವಾರ ಮಧ್ಯಾಹ್ನ ದೊಡ್ಡಕ್ಕ ಹೇಳದೆ ಕೇಳದೆ ಅವಳ ಮನೆಗೆ ಬಂದರು. ಎಲ್ಲೋ ಲಿಫ್ಟ್ ಸಿಕ್ಕಿಕೊಂಡಿತೆಂದು ಗಂಡ ಆಗಷ್ಟೇ ಹೊರಟುಹೋಗಿದ್ದ. ಬಾಗಿಲು ತೆರೆದವಳು ಮಗಳು.

"ಅಮ್ಮಾ, ದೊಡ್ಡಮ್ಮ ಬಂದಿದಾರೆ!"

ದೊಡ್ಡಕ್ಕ ಹೊಸ್ತಿಲಲ್ಲೇ ನಿಂತು ಕುರ್ಚಿ ನೋಡಿದರು. ಮುಖ ಅರಳಿತು. "ಎಲಾ ಇವಳಾ! ಒಳ್ಳೆ ಕಡೆ ಇಟ್ಟಿದೀಯಲ್ಲೇ. ಕಾರ್ಖಾನೇಲಿ ಸಾವಿರ ಕುರ್ಚಿ ನೋಡಿದೀನಿ, ಮನೆ ಒಳಗಡೆ ನನ್ನ ಕೈಯಿಂದ ಹೋದದ್ದು ಹೇಗಿರುತ್ತೆ ಅಂತ ನೋಡಿರ್ಲಿಲ್ಲ."

"ಕೂತ್ಕೊಳ್ಳಿ ದೊಡ್ಡಮ್ಮ," ಎಂದಳು ಮಗಳು. "ಅಮ್ಮ ಇನ್ನೂ ಒಂದ್ಸಲಾನೂ ಕೂತಿಲ್ಲ, ಗೊತ್ತಾ? ಏನು ಮಡಿಯೋ ಏನೋ."

"ಹೌದೇನೇ? ಯಾಕೆ?"

"ಟೀ ಮಾಡು ಹೋಗು," ಎಂದಳು ಅವಳು ಮಗಳಿಗೆ.

ದೊಡ್ಡಕ್ಕ ಕೂರಲಿಲ್ಲ. ಚೀಲದಿಂದ ಒಂದು ಬಟ್ಟೆ ತೆಗೆದು ಬಿಡಿಸಿದರು. ಅದೇ ನವಿಲಿನ ಕತ್ತಿನ ಬಣ್ಣದ ಮಖಮಲ್ಲಿನ ಚೂರುಗಳನ್ನು ಜೋಡಿಸಿ, ಅಂಚಿಗೆ ಸಾಸಿವೆ ಬಣ್ಣದ ಪಟ್ಟಿ ಕೊಟ್ಟು ಹೊಲಿದ ಉದ್ದನೆಯ ಹೊದಿಕೆ. ಕುರ್ಚಿಯ ಬೆನ್ನ ಮೇಲಿಂದ ಹಿಂದಕ್ಕೆ ಇಳಿಬಿಡುವಂಥದ್ದು.

"ಕತ್ತರಿಸಿ ಉಳಿದ ಚೂರು ಇದ್ವು. ಆ ಸೊಟ್ಟ ಮುಚ್ಚುತ್ತೆ. ನಾಳೆ ನಿನ್ನ ಮಗಳು ಕುರ್ಚಿ ಜಾಗ ಬದಲಾಯಿಸಿದ್ರೂ ಯಾರೂ ನಿನ್ನ ನೋಡಿ ನಗಬಾರ್ದು. ಹತ್ತು ದಿನ ಹಿಡೀತು ಕಣೇ, ಇಷ್ಟಕ್ಕೆ. ಮೂರು ಮೂರು ಸಲ ಬಿಚ್ಚಿ ಹೊಲಿದೆ. ನೇರ ಇದೆಯಾ ನೋಡು."

ಅವಳು ಬಟ್ಟೆಯನ್ನು ಕೈಗೆ ತೆಗೆದುಕೊಂಡಳು. ಹದಿನಾರು ವರ್ಷದ ಅಭ್ಯಾಸ. ಬೆರಳು ತಾನಾಗಿ ಅಂಚಿನ ಮೇಲೆ ಹರಿಯಿತು. ಕೂದಲೆಳೆಯ ತಪ್ಪೂ ಇರಲಿಲ್ಲ. ನೇರ ಇದೆಯಾ ಎಂದು ಕೇಳಿದ ಆ ಮುಖ ಪರೀಕ್ಷೆ ಬರೆದ ಮಗುವಿನಂತೆ ಕಾದು ನಿಂತಿತ್ತು.

ಅವಳು ಬಟ್ಟೆಯನ್ನು ಮಂಚದ ಮೇಲಿಟ್ಟಳು. ಕುರ್ಚಿಯ ಎರಡು ತೋಳು ಹಿಡಿದು ಎಳೆದು, ಬೆನ್ನು ಕಿಟಕಿಯ ಬೆಳಕಿಗೆ ಬರುವಂತೆ ತಿರುಗಿಸಿದಳು.

"ಕೈ ಇಟ್ಟು ನೋಡಿ ದೊಡ್ಡಕ್ಕ."

"ನೋಡೋದೇನೇ ಅದನ್ನ, ನನ್ನ ಮಾನ ಕಳೆದದ್ದು."

"ಅವತ್ತು ನೀವು ಮುಟ್ಟಿಲ್ಲ. ಈಗ ಮುಟ್ಟಿ."

ದೊಡ್ಡಕ್ಕ ಅವಳ ಮುಖ ನೋಡಿದರು. ಮೆಲ್ಲಗೆ ಮಂಡಿಯೂರಿ ಕೂತರು. ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿ, ಅಂಚಿನ ಮೇಲಿನಿಂದ ಬೆರಳಿಟ್ಟು ಕೆಳಕ್ಕೆ ಬಂದರು. ತಮ್ಮ ಹೊಲಿಗೆ ಮುಗಿಯುವ ಜಾಗದಲ್ಲಿ ಬೆರಳು ನಿಂತಿತು. ಮುಂದೆ ಹೋಯಿತು. ಮತ್ತೆ ಹಿಂದೆ ಬಂತು. ಉಗುರಿನಿಂದ ಒಂದು ಎಳೆಯನ್ನು ಎತ್ತಿ ಅದು ಯಾವ ಕಡೆಗೆ ಮಲಗುತ್ತದೆಂದು ನೋಡಿದರು. ಬಲಗೈಯವರು ಹಾಕಿದ ಎಳೆ ಒಂದು ಕಡೆಗೆ ವಾಲುತ್ತದೆ, ಎಡಗೈಯವರದು ಇನ್ನೊಂದು ಕಡೆಗೆ. ಅದನ್ನು ಅವಳಿಗೆ ಹೇಳಿಕೊಟ್ಟವರೂ ಅವರೇ.

ಅಡುಗೆಮನೆಯಲ್ಲಿ ಚಮಚದ ಸದ್ದು ನಿಂತುಹೋಗಿತ್ತು.

"ಇದು ನನ್ನ ಕೈಯಲ್ಲ," ಎಂದರು ದೊಡ್ಡಕ್ಕ.

"ಅಲ್ಲ."

"ನಿಂದು."

"ಹೂಂ. ಟೀ ಹೊತ್ತಲ್ಲಿ. ಬಿಚ್ಚಿ ಹೊಲಿದೆ. ಇದು ನನಗೆ ಸಿಗಲಿ ಅಂತ."

ದೊಡ್ಡಕ್ಕ ಕಣ್ಣು ತೆರೆದರು. ಅವಳು ಬೈಗುಳಕ್ಕೆ ತಲೆ ಬಾಗಿಸಿ ನಿಂತಿದ್ದಳು. ಬೈಗುಳ ಬರಲಿಲ್ಲ. ದೊಡ್ಡಕ್ಕ ತಮ್ಮ ಬಲಗೈಯನ್ನು ಮುಖದ ಮುಂದೆ ಹಿಡಿದುಕೊಂಡು, ಎಲ್ಲೋ ಕಳೆದು ಹೋಗಿ ಸಿಕ್ಕ ವಸ್ತುವನ್ನು ನೋಡುವಂತೆ, ಅಂಗೈ ಒಮ್ಮೆ, ಹಿಂಗೈ ಒಮ್ಮೆ ತಿರುಗಿಸಿ ನೋಡಿದರು.

"ಹಾಗಾದ್ರೆ ಸರಿಯಾಗೇ ಹೇಳಿತ್ತು," ಎಂದರು. "ಕೈ ಸರಿಯಾಗೇ ಹೇಳಿತ್ತು."

ಅವರು ಒಂದು ಕ್ಷಣ ನಕ್ಕರೆಂದೇ ಅವಳಿಗೆ ಅನ್ನಿಸಿತು. ಆ ನಗೆ ಅಲ್ಲೇ ಆರಿ, ಮುಖ ಗಟ್ಟಿಯಾಯಿತು.

"ಒಂದು ತಿಂಗಳು ಕಣೇ. ಒಂದು ತಿಂಗಳು ನಾನು ತರಕಾರಿ ಹೆಚ್ಚೋಕೂ ಹೆದರ್ತಾ ಇದ್ದೆ. ಬಸ್ ನಂಬರ್ ಓದಿ, ನಿಜವಾಗಿ ಅದೇನಾ ಅಂತ ಪಕ್ಕದವರನ್ನ ಕೇಳ್ತಾ ಇದ್ದೆ. ನನ್ನ ಸೊಸೆ ನನ್ನ ಕೈಯಿಂದ ಬಿಸಿ ಪಾತ್ರೆ ಕಿತ್ಕೊಳ್ಳೋಳು, ಬಿದ್ದೀತು ಅಂತ. ದಿನಾ ನನ್ನೆದುರೇ ಕೂತು ಊಟ ಮಾಡಿದೆಯಲ್ಲೇ. ನಿನ್ನ ಗಂಟಲಲ್ಲಿ ಇಳೀತಾ?"

"ಇಳೀಲಿಲ್ಲ."

"ಇಳೀದೇ ಇದ್ರೂ ತಿಂದೆಯಲ್ಲ."

ದೊಡ್ಡಕ್ಕ ಮತ್ತೆ ಆ ಸುಕ್ಕಿನ ಮೇಲೆ ಬೆರಳಿಟ್ಟರು.

"ಕೇಳಿದ್ರೆ ಏನಾದ್ರೂ ದಾರಿ ಮಾಡ್ತಿದ್ದೆ. ಇದು ಬೇಡ, ಇನ್ನೊಂದು ತಿಂಗಳು ಕಾಯಿ ಅಂತಿದ್ದೆ. ಇಲ್ಲಾ, ಚೂರುಬಟ್ಟೆ ಜೋಡಿಸಿ ಹಳೇ ಕುರ್ಚಿಗೇ ಇಂಥದ್ದೊಂದು ಮೈ ಹೊಲಿದು ಕೊಡ್ತಿದ್ದೆ. ಎದುರಿಗೆ ಕೂರಿಸಿಕೊಂಡು ಕಲಿಸಿದೋಳಿಗೆ ಅಷ್ಟು ಮಾಡ್ತಿರ್ಲಿಲ್ವಾ?"

"ಮಾಡ್ತಿದ್ರಿ."

"ಮತ್ತೆ ಯಾಕೆ?"

ಅವಳಿಗೆ ಸುಳ್ಳು ಸಾಕಾಗಿತ್ತು. "ನಿಮಗೆ ನೋವಾಗಲ್ಲ ಅಂದ್ಕೊಂಡೆ," ಎಂದಳು. "ನಿಮ್ಮದು ಗಟ್ಟಿ ಜೀವ, ನಿಮಗೆ ತಾಗಲ್ಲ ಅಂದ್ಕೊಂಡೆ."

ದೊಡ್ಡಕ್ಕ ಮಂಚದ ಕೋಲು ಹಿಡಿದು ಎದ್ದರು. ಅವಳು ಕೈ ಕೊಡಲು ಹೋದಳು, ಅವರು ಹಿಡಿಯಲಿಲ್ಲ. ಕನ್ನಡಕ ಹಾಕಿಕೊಂಡರು. ತಾವು ತಂದ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ ಮತ್ತೆ ಚೀಲದಲ್ಲಿ ಇಟ್ಟುಕೊಂಡರು.

"ಇದು ನನ್ನ ತಪ್ಪು ಮುಚ್ಚೋಕೆ ಅಂತ ಹೊಲಿದದ್ದು. ನನ್ನದಲ್ಲ ಅಂದ ಮೇಲೆ ಇಲ್ಲಿ ಇದಕ್ಕೇನು ಕೆಲಸ."

ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಾ, ತಿರುಗಿ ನೋಡದೆಯೇ ಹೇಳಿದರು, "ನನಗೆ ಹೇಳಿದೆ, ಸರಿ. ಅಲ್ಲಿ ಇಪ್ಪತ್ತು ಜನ ನನ್ನನ್ನ ಅಜ್ಜಿ ಅಂತಾರೆ."

ಮಗಳು ಎರಡು ಲೋಟ ಟೀ ಹಿಡಿದು ಬಂದಾಗ ಕೋಣೆಯಲ್ಲಿ ಇದ್ದದ್ದು ಅಮ್ಮ ಮತ್ತು ಬೆನ್ನು ತಿರುಗಿಸಿಕೊಂಡ ಕುರ್ಚಿ. ಅವಳು ಏನೂ ಕೇಳಲಿಲ್ಲ. ಒಂದು ಲೋಟವನ್ನು ಅಮ್ಮನ ಕೈಗೆ ಕೊಟ್ಟು, ಇನ್ನೊಂದನ್ನು ಒಳಗೆ ತೆಗೆದುಕೊಂಡು ಹೋದಳು. ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ ಎಂದು ಅದರಿಂದಲೇ ಅಮ್ಮನಿಗೆ ತಿಳಿಯಿತು.

ಸಂಜೆ ಗಂಡನಿಗೂ ಹೇಳಿದಳು. ಅವನು ತಮಾಷೆ ಮಾಡಲಿಲ್ಲ. "ಕಾರ್ಖಾನೇಲೂ ಹೇಳಲೇಬೇಕಾ?" ಎಂದ. "ಸುಣ್ಣ ಕಿತ್ಕೊಳ್ತಾರೆ. ಕೆಲಸಾನೂ ಹೋಗಬಹುದು."

"ಹೋಗಬಹುದು," ಎಂದಳು.

ಸೋಮವಾರ ಬೆಳಿಗ್ಗೆ ಅವಳು ಎಂದಿಗಿಂತ ಮುಂಚೆ ಹೋದಳು. ದೊಡ್ಡಕ್ಕ ಬಂದಿದ್ದರು. ಗೋಣಿಬಟ್ಟೆಯ ರಾಶಿಯ ಮುಂದೆ, ಹತ್ತೊಂಬತ್ತರ ಹುಡುಗಿಯ ಪಕ್ಕದಲ್ಲಿ, ತಲೆ ತಗ್ಗಿಸಿ ಮಿಷನ್ ಓಡಿಸುತ್ತಿದ್ದರು. ಹುಡುಗಿಯ ಮೊಣಕೈ ಬಳಿ ಕೆಂಪು ದಾರದ ಕತ್ತರಿ ಬಿದ್ದಿತ್ತು. ಅವಳು ಜೇಬಿನಿಂದ ಸೀಮೆಸುಣ್ಣದ ತುಂಡನ್ನು ತೆಗೆದು ಮ್ಯಾನೇಜರನ ಮೇಜಿನ ಮೇಲಿಟ್ಟಳು. ಅವನು ಅರ್ಥವಾಗದೆ ತಲೆಯೆತ್ತಿ ನೋಡಿದ. "ಒಂದು ನಿಮಿಷ ಬನ್ನಿ ಸಾರ್, ನೀವೂ ಕೇಳಬೇಕು," ಎಂದು ಹೇಳಿ ಮಿಷನ್‌ಗಳ ಸಾಲಿನ ನಡುವೆ ಹೋಗಿ ನಿಂತಳು.

"ಎಲ್ಲರೂ ಒಂದು ಮಾತು ಕೇಳ್ರಮ್ಮಾ," ಎಂದಳು.

ಇಪ್ಪತ್ತು ಮಿಷನ್‌ಗಳ ಸದ್ದಿನಲ್ಲಿ ಅವಳ ದನಿ ಅವಳಿಗೇ ಕೇಳಲಿಲ್ಲ. ಯಾರೂ ತಲೆಯೆತ್ತಲಿಲ್ಲ. ಈಗಲೂ ಹಿಂದಿರುಗಬಹುದಿತ್ತು, ಹೇಳಲು ಹೋದೆ, ಯಾರಿಗೂ ಕೇಳಿಸಲಿಲ್ಲ ಎನ್ನಬಹುದಿತ್ತು. ಅವಳು ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡು ಗಟ್ಟಿಯಾಗಿ ಹಿಡಿದುಕೊಂಡಳು.

"ಜೋರಾಗಿ ಹೇಳು ಎಡಚಿ," ಎಂದರು ದೊಡ್ಡಕ್ಕ, ತಲೆಯೆತ್ತದೆ.

ಮೊದಲು ನಿಂತದ್ದು ಅವರ ಮಿಷನ್. ಆಮೇಲೆ ಪಕ್ಕದ ಹುಡುಗಿಯದು. ಆಮೇಲೆ ಒಂದೊಂದಾಗಿ ಆ ಸಾಲು, ಈ ಸಾಲು. ಕೊನೆಯ ಮಿಷನ್ನೂ ನಿಂತು ಎಲ್ಲ ಮುಖಗಳೂ ಅವಳತ್ತ ತಿರುಗಿದಾಗ ಅವಳು ಬಾಯಿ ತೆರೆದಳು.

"ಆ ನವಿಲುಬಣ್ಣದ ಕುರ್ಚಿ ಇತ್ತಲ್ಲ," ಎಂದಳು, "ಅದರ ಬೆನ್ನು ಕೆಡಿಸಿದ್ದು ದೊಡ್ಡಕ್ಕ ಅಲ್ಲ."